ಮೂತಿ ಮೇಲೆ ಮಾಡಿದರೆ ಬರದ ಬೆಲ್ಟು

ಒಂದೇ ಜೀಪಿಗೆ ಎರಡು ತಿಂಗಳಲ್ಲಿ ಎರಡು ಸೀಟ್ ಬೆಲ್ಟ್ ರೀಲ್ ಹಾಕಿದ್ದೇನೆ. ಎರಡೂ ಹೊಸದು, ಎರಡೂ ಸರಿ ಇದ್ದವು. ಅದಕ್ಕೂ ಮೊದಲು ಬಿಚ್ಚಿ ಬಿಸಾಡಿದ ಹಳೆಯದೂ ಸರಿಯೇ ಇತ್ತು ಅಂತ ಈಗ ಗೊತ್ತಾಗಿದೆ. ಆಗ ಗೊತ್ತಿರಲಿಲ್ಲ.

ನನ್ನದು ಸಕಲೇಶಪುರದ ಕಡೆ ಒಂದು ಸಣ್ಣ ಗ್ಯಾರೇಜು. ಬರುವ ಗಾಡಿಗಳಲ್ಲಿ ಜಾಸ್ತಿ ಫೋರ್ ಬೈ ಫೋರ್ ಗಾಡಿಗಳೇ, ಎಲ್ಲ ತೋಟದವು. ಕಂಪನಿ ಯಾವುದಿದ್ದರೂ ಇಲ್ಲಿ ಅದನ್ನು ಜೀಪು ಅಂತಲೇ ಕರೆಯುವುದು, ನಾನೂ ಹಾಗೇ ಬರೆಯುತ್ತೇನೆ. ಕ್ಲಚ್ಚು, ಲೀಫ್ ಸ್ಪ್ರಿಂಗು, ಸ್ಟೀರಿಂಗ್ ರಾಡು, ಇವೆಲ್ಲ ಕಣ್ಣು ಮುಚ್ಚಿ ಮಾಡುವ ಕೆಲಸ. ತಲೆ ತಿನ್ನುವುದು ಮಾತ್ರ ಈ ಬೆಲ್ಟ್ ರೀಲು. ಬಾಗಿಲ ಪಕ್ಕದ ಪಿಲ್ಲರ್ ಒಳಗೆ ಕೂತು ಬೆಲ್ಟನ್ನು ಸುತ್ತಿಕೊಳ್ಳುವ ಡಬ್ಬಿ ಇದೆಯಲ್ಲ, ಅದೇ. ಎಳೆದರೆ ಬರುವುದಿಲ್ಲ, ಬಂದರೆ ವಾಪಸ್ ಹೋಗುವುದಿಲ್ಲ, ಎರಡೂ ಸರಿಯಿದ್ದರೆ ದಾರಿಯಲ್ಲಿ ಹೋಗುತ್ತಾ ಹೋಗುತ್ತಾ ಬಿಗಿಯಾಗಿ ಎದೆ ಹಿಸುಕುತ್ತದೆ. ವಾರಕ್ಕೊಬ್ಬರಾದರೂ ಈ ದೂರು ತಂದೇ ತರುತ್ತಾರೆ.

ಈ ಜೀಪು ಹಾನುಬಾಳ್ ಕಡೆಯ ಒಂದು ಕಾಫಿ ತೋಟದ್ದು. ಓಡಿಸುವವರು ತೋಟದ ರೈಟ್ರು, ಅಂದರೆ ತೋಟದ ಲೆಕ್ಕಪತ್ರ ಬರೆಯುವವರು. ಅರೇಬಿಕಾ ಕೊಯ್ಲು ನಡೆಯುತ್ತಿದ್ದ ಸಮಯ. "ಬೆಲ್ಟು ಬರ್ತಾ ಇಲ್ಲ ಕಣಪ್ಪಾ, ದಿನಾ ಇದರ ಜತೆ ಕುಸ್ತಿ ಆಡಿ ಸಾಕಾಗಿದೆ" ಅಂದರು. ನಾನು ಎಳೆದು ನೋಡಿದೆ, ಸಲೀಸಾಗಿ ಬಂತು. ಇನ್ನೊಮ್ಮೆ ಎಳೆದೆ, ಬಂತು. ಆದರೂ ರೈಟ್ರು ಸುಳ್ಳು ಹೇಳುವ ಜನ ಅಲ್ಲ. ರೀಲ್ ಒಳಗೆ ಧೂಳು ಸೇರಿರಬೇಕು ಅಂತ ಅಂದಾಜು ಮಾಡಿ ಹೊಸದು ತರಿಸಿ ಹಾಕಿದೆ. ಅಂದಾಜು ಅಂದೆ ನೋಡಿ, ತಪ್ಪು ಶುರುವಾಗಿದ್ದೇ ಅಲ್ಲಿ.

ಮೂರನೇ ದಿನ ಫೋನು. ಅದೇ ಕತೆ. ಬಂದರು, ಎಳೆದೆ, ನನ್ನ ಕೈಗೆ ಬಂತು. ಮತ್ತೆ ಹೋದರು, ಮತ್ತೆ ಫೋನು. ಹೊಸ ರೀಲೇ ಡಿಫೆಕ್ಟ್ ಇರಬೇಕು ಅಂತ ಬಿಡಿಭಾಗದ ಅಂಗಡಿಯವನ ಜತೆ ಜಗಳ ಮಾಡಿ ಇನ್ನೊಂದು ತಂದೆ. ಆತನೂ ಪಾಪ, ಹಳೇ ಪರಿಚಯ ಅಂತ ಬದಲಾಯಿಸಿ ಕೊಟ್ಟ. ಅದನ್ನೂ ಹಾಕಿದೆ. ಈ ಸಲ ಫೋನು ಎರಡನೇ ದಿನವೇ ಬಂತು. "ನಿಮ್ಮ ಗ್ಯಾರೇಜಲ್ಲಿ ಬರುತ್ತೆ, ನಮ್ಮ ತೋಟದಲ್ಲಿ ಬರಲ್ಲ. ನಾನೇನು ನಿಮ್ಮ ಗ್ಯಾರೇಜಲ್ಲೇ ಕೂತು ಬರವಣಿಗೆ ಮಾಡಲಾ?" ಅಂದರು ರೈಟ್ರು. ನ್ಯಾಯವಾದ ಮಾತು ಅಲ್ವಾ.

ಭಾನುವಾರ ಬೈಕ್ ಹತ್ತಿ ತೋಟಕ್ಕೇ ಹೋದೆ. ಕಾಫಿ ಒಣಗಿಸುವ ಕಣದ ಪಕ್ಕ ಏರಿನಲ್ಲಿ ಜೀಪು ನಿಂತಿತ್ತು, ಮೂತಿ ಮೇಲಕ್ಕೆ. ಬೆಲ್ಟ್ ಎಳೆದೆ. ಟಕ್. ಒಂದು ಇಂಚೂ ಬರಲಿಲ್ಲ. ಬಿಟ್ಟು ಮೆಲ್ಲಗೆ ಎಳೆದೆ, ಮತ್ತೆ ಟಕ್. ರೈಟ್ರು ಕೈ ಕಟ್ಟಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಕಣದಲ್ಲಿ ಕಾಫಿ ಕೆದಕುತ್ತಿದ್ದ ಹುಡುಗನೊಬ್ಬ, "ಅಣ್ಣಾ, ರಿವರ್ಸಲ್ಲಿ ತಂದು ನಿಲ್ಲಿಸಿದ್ರೆ ಬರುತ್ತೆ" ಅಂದ. ಗಾಡಿ ತಿರುಗಿಸಿ ಅದೇ ಜಾಗದಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದೆ. ಬೆಣ್ಣೆ ಹಾಗೆ ಬಂತು ಬೆಲ್ಟು. ಇಷ್ಟು ವರ್ಷ ಕೈಗೆ ಗ್ರೀಸ್ ಮೆತ್ತಿಕೊಂಡ ನನಗೆ ಕಾಣದ್ದು ಆ ಹುಡುಗನಿಗೆ ಕಂಡಿತ್ತು. ಸುಮ್ನೆ ನೋಡ್ತಾ ಇದ್ದನಂತೆ, ಅಷ್ಟೇ.

ಇಲ್ಲಿ ರೀಲ್ ಒಳಗೆ ಏನಿದೆ ಅಂತ ಹೇಳಿಬಿಡುತ್ತೇನೆ. ಅದು ಎರಡು ಕಾರಣಕ್ಕೆ ಲಾಕ್ ಆಗುತ್ತದೆ. ಬೆಲ್ಟನ್ನು ಜೋರಾಗಿ ಜಗ್ಗಿದರೆ ಒಂದು. ಇದು ಎಲ್ಲರಿಗೂ ಗೊತ್ತು, ಮಕ್ಕಳು ಜಗ್ಗಿ ಆಟ ಆಡುತ್ತವೆ. ಇನ್ನೊಂದು, ಗಾಡಿಯೇ ಧಡಕ್ಕನೆ ನಿಂತರೆ ಅಥವಾ ವಾಲಿದರೆ. ಅದಕ್ಕೆ ರೀಲ್‌ನ ಒಂದು ಬದಿಯಲ್ಲಿ ಸಣ್ಣ ಬಟ್ಟಲು, ಬಟ್ಟಲಲ್ಲಿ ಕಡಲೆಕಾಳಿನಂಥ ಒಂದು ಕಬ್ಬಿಣದ ಗುಂಡು ಇರುತ್ತದೆ. ಕೆಲವದರಲ್ಲಿ ಗುಂಡಿನ ಬದಲು ತೂಗಾಡುವ ಲೋಲಕ. ಗುಂಡು ಬಟ್ಟಲ ಅಂಚಿಗೆ ಉರುಳಿದರೆ ಮೇಲಿನ ಸಣ್ಣ ಕೊಕ್ಕೆಯನ್ನು ಎತ್ತುತ್ತದೆ, ಕೊಕ್ಕೆ ಹಲ್ಲುಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ, ಬೆಲ್ಟು ಅಲ್ಲಿಗೆ ನಿಂತಿತು. ಕರೆಂಟಿಲ್ಲ, ವಯರಿಲ್ಲ, ಭೂಮಿ ಎಳೆಯುವ ಶಕ್ತಿಯಲ್ಲೇ ಕೆಲಸ. ರೀಲನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಆ ಗುಂಡಿನ ಸದ್ದು ಕೇಳಿಸುತ್ತದೆ. ಒಳಗೆ ಏನೋ ಮುರಿದಿದೆ ಅಂತ ಹೊಸ ರೀಲನ್ನೇ ಅಂಗಡಿಗೆ ವಾಪಸ್ ಕೊಟ್ಟವರಿದ್ದಾರೆ.

ಎಷ್ಟು ವಾಲಿದರೆ ಲಾಕ್ ಆಗಬೇಕು ಅನ್ನುವುದಕ್ಕೂ ಲೆಕ್ಕ ಇದೆ. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 16ನೆಯದು ಸೀಟ್ ಬೆಲ್ಟಿನದು. ಅದರ ಪ್ರಕಾರ ರೀಲು ತಾನು ಕೂತ ಸ್ಥಿತಿಯಿಂದ 12 ಡಿಗ್ರಿವರೆಗೆ ಯಾವ ಕಡೆ ವಾಲಿದರೂ ಲಾಕ್ ಆಗಬಾರದು, 27 ಡಿಗ್ರಿ ದಾಟಿದರೆ ಆಗಲೇಬೇಕು. ನಡುವೆ ಆದರೂ ಆಯಿತು, ಆಗದಿದ್ದರೂ ಆಯಿತು. 12 ಡಿಗ್ರಿ ಅಂದರೆ 100 ಅಡಿ ಮುಂದೆ ಹೋಗುವಷ್ಟರಲ್ಲಿ ಸುಮಾರು 21 ಅಡಿ ಏರುವ ದಾರಿ. ಹೈವೇಯಲ್ಲಿ ಇಂಥ ಏರು ಸಿಗುವುದಿಲ್ಲ. ತೋಟದ ದಾರಿಯಲ್ಲಿ ಹೆಜ್ಜೆಗೊಂದು ಸಿಗುತ್ತದೆ. ಹಾಗಾಗಿ ಕಡಿದಾದ ಏರಿನಲ್ಲಿ ಬೆಲ್ಟು ಹಿಡಿದರೆ ಅದು ಕೆಟ್ಟಿದೆ ಅಂತ ಅರ್ಥ ಅಲ್ಲ, ಅದರ ಕೆಲಸ ಅದು ಮಾಡುತ್ತಿದೆ. ಸಮತಟ್ಟಿನಲ್ಲೇ ಬೆಲ್ಟ್ ಹಾಕಿಕೊಂಡು ಏರು ಹತ್ತಿ ಅಂತ ಈಗ ಎಲ್ಲರಿಗೂ ಹೇಳುತ್ತೇನೆ. ಅರ್ಧದಷ್ಟು ದೂರು ಅಲ್ಲಿಗೇ ಮುಗಿಯುತ್ತದೆ.

ಆದರೆ ಕಣದ ಪಕ್ಕದ ಏರು ಅಷ್ಟೇನೂ ಕಡಿದಲ್ಲ. ಫೋನಿನಲ್ಲಿ ಅಳತೆ ಮಾಡಿದರೆ 7 ಡಿಗ್ರಿ ತೋರಿಸಿತು. 7ಕ್ಕೆ ಯಾಕೆ ಹಿಡಿಯಬೇಕು? ಅದೂ ಮೂತಿ ಮೇಲಿದ್ದಾಗ ಮಾತ್ರ? ಅಂದರೆ ರೀಲು ಮೊದಲೇ ಹಿಂದಕ್ಕೆ ವಾಲಿ ಕೂತಿರಬೇಕು.

ಅಲ್ಲೇ ಪಿಲ್ಲರಿನ ಪ್ಲಾಸ್ಟಿಕ್ ಬಿಚ್ಚಿದೆ. ಒಳಗೆ ನೋಡಿದರೆ ನಾನೇ ಮಾಡಿದ ಘನಕಾರ್ಯ. ರೀಲ್‌ನ ತಗಡಿಗೆ ಬೋಲ್ಟಿನ ತೂತಿನ ಜತೆಗೆ ಒಂದು ಸಣ್ಣ ನಾಲಿಗೆ ಇರುತ್ತದೆ, ಉಗುರಿನಷ್ಟು. ಪಿಲ್ಲರಿನಲ್ಲಿ ಅದಕ್ಕೇ ಅಂತ ಒಂದು ತೂತು. ನಾಲಿಗೆ ಆ ತೂತಿನಲ್ಲಿ ಕೂತರೆ ಬೋಲ್ಟ್ ಬಿಗಿ ಮಾಡುವಾಗ ರೀಲು ತಿರುಗುವುದಿಲ್ಲ. ಈ ಜೀಪು ಯಾವಾಗಲೋ ಪಕ್ಕಕ್ಕೆ ಗುದ್ದಿಸಿಕೊಂಡು ಟಿಂಕರಿಂಗ್ ಆಗಿತ್ತು. ಪಿಲ್ಲರ್ ತಟ್ಟಿ ನೆಟ್ಟಗೆ ಮಾಡಿದವರು ಪುಟ್ಟಿ ಮೆತ್ತಿ, ಪೇಂಟ್ ಹೊಡೆದು, ಆ ತೂತನ್ನು ಮುಚ್ಚಿಬಿಟ್ಟಿದ್ದರು. ನಾನು ಬಿಸಾಡಿದ ಹಳೇ ರೀಲೂ ಆಗಿನಿಂದಲೇ ವಾಲಿ ಕೂತಿರಬೇಕು. ಹೊಸ ರೀಲ್ ಕೂರಿಸುವಾಗ ನಾಲಿಗೆ ಅಡ್ಡ ಬಂತು ಅಂತ ನಾನು ಇಕ್ಕಳ ತಗೊಂಡು ಅದನ್ನು ಮಡಚಿ ಹಾಕಿದ್ದೆ. ಒಂದಲ್ಲ, ಎರಡು ಸಲ. ಎರಡು ರೀಲಿಗೂ. ಕಂಪನಿಯವರು ಇದನ್ನು ಯಾಕೆ ಇಟ್ಟಿದ್ದಾರೆ ಅನ್ನುವ ಪ್ರಶ್ನೆ ತಲೆಗೇ ಬರಲಿಲ್ಲ. ಬೋಲ್ಟ್ ಬಿಗಿ ಮಾಡಿದಾಗ ಕೊನೆಯ ಸುತ್ತಿಗೆ ರೀಲೂ ಜತೆಗೆ ತಿರುಗಿತ್ತು. ಡ್ರೈವರ್ ಕಡೆಯ ಪಿಲ್ಲರಿನಲ್ಲಿ ಬೋಲ್ಟ್ ಬಿಗಿಯಾಗುವ ದಿಕ್ಕಿಗೆ ತಿರುಗಿದರೆ ರೀಲ್‌ನ ತಲೆ ಗಾಡಿಯ ಹಿಂಭಾಗಕ್ಕೆ ವಾಲುತ್ತದೆ. ಅದರ ಮೇಲೆ ಗಾಡಿಯೂ ಮೂತಿ ಎತ್ತಿದರೆ ಎರಡೂ ಕೂಡಿಕೊಂಡು ಗುಂಡು ಅಂಚಿಗೆ. ನನ್ನ ಗ್ಯಾರೇಜಿನ ನೆಲ ಸಿಮೆಂಟು, ಕೇರಂ ಬೋರ್ಡಿನಷ್ಟು ಸಮ. ಅಲ್ಲಿ ಹೇಗೆ ಗೊತ್ತಾಗಬೇಕು?

ಪುಟ್ಟಿ ಕೆರೆದೆ, ತೂತು ಬಿಡಿಸಿದೆ, ನಾಲಿಗೆ ನೆಟ್ಟಗೆ ಮಾಡಿ ಕೂರಿಸಿದೆ. ಮಡಚಿ ಬಿಚ್ಚಿದ ತಗಡು ಬಿರುಕು ಬಿಟ್ಟಿದೆಯಾ ಅಂತ ಎರಡೆರಡು ಸಲ ನೋಡಿದೆ. ಗಾಡಿ ಮೂತಿ ಮೇಲೆ ಮಾಡಿ ಎಳೆದರೆ ಬಂತು. ರೈಟ್ರು ಏನೂ ಹೇಳಲಿಲ್ಲ, ಕಾಫಿ ಕೊಟ್ಟರು. ಎರಡನೇ ರೀಲಿನ ದುಡ್ಡು ನಾನು ಕೇಳಲಿಲ್ಲ, ಮೊದಲನೆಯದರದ್ದು ವಾಪಸ್ ಕೊಟ್ಟೆ. ಅಂಗಡಿಯವನಿಗೆ ಹೋಗಿ ಸಾರಿ ಅಂದೆ. ಅದು ಜಾಸ್ತಿ ಕಷ್ಟ ಆಯಿತು.

ಅವತ್ತಿನಿಂದ ರೀಲ್ ಬದಲಾಯಿಸಿ ಅಂತ ಯಾರಾದರೂ ಬಂದರೆ ನಾನು ಮೊದಲು ಕೇಳುವುದು, ಎಲ್ಲಿ ಹಿಡಿಯುತ್ತೆ, ಗಾಡಿ ಹೇಗೆ ನಿಂತಾಗ ಹಿಡಿಯುತ್ತೆ ಅಂತ. ಗ್ಯಾರೇಜಿನಲ್ಲಿ ಒಂದು ರಸಮಟ್ಟ ತಂದಿಟ್ಟಿದ್ದೇನೆ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರಿಗೆ ಒಂದು ಆಟ ತೋರಿಸುತ್ತೇನೆ. ಸರಿ ಇರುವ ರೀಲನ್ನು ಬಿಚ್ಚಿ ಕೈಗೆ ಕೊಟ್ಟು ಬೆಲ್ಟ್ ಎಳಿ ಅನ್ನುತ್ತೇನೆ. ಹೆಂಗೆಂಗೋ ಹಿಡಿದು ಎಳೆಯುತ್ತಾರೆ, ಬರುವುದಿಲ್ಲ. "ಕೆಟ್ಟಿದೆ ಅಣ್ಣಾ" ಅನ್ನುತ್ತಾರೆ. ಗಾಡಿಯಲ್ಲಿ ಕೂತಿದ್ದ ಹಾಗೇ ನೆಟ್ಟಗೆ ಹಿಡಿದು ತೋರಿಸಿದರೆ ಸರ್ರನೆ ಬರುತ್ತದೆ. ಗುಜರಿಯಿಂದ ಯಾವುದೋ ಕಾರಿನ ರೀಲ್ ತಂದು ಹಳೇ ಜೀಪಿನ ಕಂಬಿಗೆ ಬೋಲ್ಟ್ ಮಾಡುವವರೂ ಇಲ್ಲೇ ಎಡವುವುದು. ಆ ರೀಲ್‌ನ ಬಟ್ಟಲು ಆ ಕಾರಿನ ಪಿಲ್ಲರ್ ಎಷ್ಟು ವಾಲಿತ್ತೋ ಅದಕ್ಕೆ ಸರಿಯಾಗಿ ಮಾಡಿದ್ದು. ಬೇರೆ ಕೋನದಲ್ಲಿ ಕೂರಿಸಿದರೆ ಅದು ಹಗಲೂ ರಾತ್ರಿ ಲಾಕ್.

ವಾಪಸ್ ಹೋಗದ ಬೆಲ್ಟಿನ ಕತೆ ಬೇರೆ. ಅಲ್ಲಿ ಹತ್ತಕ್ಕೆ ಎಂಟು ಸಲ ಕೆಸರು. ಸುತ್ತಿಕೊಳ್ಳುವ ಸ್ಪ್ರಿಂಗಿನ ಶಕ್ತಿ ತುಂಬಾ ಕಡಿಮೆ, ನಿಯಮದಲ್ಲೇ ಹೆಚ್ಚುಕಡಿಮೆ 100ರಿಂದ 700 ಗ್ರಾಂ ತೂಕದಷ್ಟು ಎಳೆತ ಇದ್ದರೆ ಸಾಕು ಅಂತಿದೆ. ಜಾಸ್ತಿ ಇದ್ದರೆ ಎದೆ ಒತ್ತುತ್ತದೆ ಅಂತ. ಆ ಬಡಪಾಯಿ ಸ್ಪ್ರಿಂಗು ಮಳೆಗಾಲದ ಕೆಮ್ಮಣ್ಣು ಮೆತ್ತಿಕೊಂಡು ರಟ್ಟಿನ ಹಾಗೆ ಆದ ಬೆಲ್ಟನ್ನು ಹೇಗೆ ಎಳೆಯಬೇಕು? ಹೆಗಲ ಮೇಲಿನ ಬಳೆ ಇದೆಯಲ್ಲ, ಬೆಲ್ಟು ನುಸುಳುವ ಜಾಗ, ಅದರಲ್ಲಿ ಬೆರಳಿಟ್ಟು ನೋಡಿ. ಬೆವರು, ಮಣ್ಣು, ತಲೆಗೆ ಹಚ್ಚಿದ ಎಣ್ಣೆ ಎಲ್ಲಾ ಸೇರಿ ಮೇಣದ ಹಾಗೆ ಕೂತಿರುತ್ತದೆ. ಬೆಲ್ಟನ್ನು ಪೂರ್ತಿ ಹೊರಗೆಳೆದು, ವಾಪಸ್ ಹೋಗದ ಹಾಗೆ ಕ್ಲಿಪ್ ಹಾಕಿ, ಉಗುರು ಬೆಚ್ಚಗಿನ ನೀರು, ಸ್ವಲ್ಪ ಶಾಂಪು, ಮೆತ್ತನೆ ಬ್ರಷ್. ನೆರಳಲ್ಲಿ ಒಂದು ರಾತ್ರಿ ಒಣಗಲು ಬಿಡಿ. ಒದ್ದೆ ಇದ್ದಾಗಲೇ ಒಳಗೆ ಬಿಟ್ಟರೆ ನಮ್ಮ ಮಳೆಗೆ ಬೂಷ್ಟು ಗ್ಯಾರಂಟಿ. ಆಯಿಲ್, ಗ್ರೀಸ್, ಡೀಸೆಲ್ ಮುಟ್ಟಿಸಲೇಬೇಡಿ. ಆ ಹೊತ್ತಿಗೆ ಸರಿ ಅನ್ನಿಸುತ್ತದೆ, ಒಂದು ವಾರಕ್ಕೆ ಎರಡು ಪಟ್ಟು ಧೂಳು ಹಿಡಿದಿರುತ್ತದೆ.

ಸವೆತವೂ ನಿಜವೇ ಅನ್ನಿ. ಪರೀಕ್ಷೆಯಲ್ಲಿ ಈ ರೀಲ್‌ಗಳನ್ನು ಒಟ್ಟು 45,000 ಸಲ ಎಳೆದು ಬಿಟ್ಟು ನೋಡುತ್ತಾರೆ, ನಡುವೆ ಧೂಳಿನ ಪೆಟ್ಟಿಗೆಯಲ್ಲೂ ಇಡುತ್ತಾರೆ. ಪೇಟೆಯವರು ದಿನಕ್ಕೆ ಹತ್ತು ಸಲ ಎಳೆದರೆ ಅದು 12 ವರ್ಷದ ಲೆಕ್ಕ. ನಮ್ಮ ರೈಟ್ರು ಕೊಯ್ಲಿನ ಸಮಯದಲ್ಲಿ ದಿನಕ್ಕೆ 30 ಸಲ ಹತ್ತಿ ಇಳಿಯುತ್ತಾರೆ. ವರ್ಷವಿಡೀ ಹಾಗೇ ಮಾಡಿದರೆ ನಾಲ್ಕು ವರ್ಷ ಚಿಲ್ಲರೆ. ಸ್ಪ್ರಿಂಗ್ ನಿಜವಾಗಲೂ ಸತ್ತಿದ್ದರೆ, ಬೆಲ್ಟಿನ ಅಂಚು ಬಾಗಿಲಿಗೆ ಸಿಕ್ಕಿ ಹರಿದಿದ್ದರೆ, ಹೊಸದೇ ಹಾಕಬೇಕು. ಹೊಲಿಗೆ ಹಾಕಿಸಿ ಕೊಡ್ತೀರಾ ಅಂತ ಕೇಳುವವರಿದ್ದಾರೆ. ಇಲ್ಲ, ಕೊಡುವುದಿಲ್ಲ.

ರೀಲ್ ಬಿಚ್ಚಿ ಸ್ಪ್ರಿಂಗ್ ರಿಪೇರಿ ಮಾಡುವ ಹುಚ್ಚು ನನಗೂ ಒಂದು ಕಾಲದಲ್ಲಿ ಇತ್ತು. ಪಕ್ಕದ ಮುಚ್ಚಳ ತೆಗೆದ ಕೂಡಲೇ ಗಡಿಯಾರದ ಸ್ಪ್ರಿಂಗಿನಂಥ ಉದ್ದನೆ ತಗಡು ಹಾವಿನ ಹಾಗೆ ಎಗರಿ ಬಂತು. ಎಡಗೈ ಹೆಬ್ಬೆರಳಿನ ಬುಡದಲ್ಲಿ ಗುರುತು ಇನ್ನೂ ಇದೆ. ಈಗಿನ ಗಾಡಿಗಳಲ್ಲಿ ಇನ್ನೂ ಅಪಾಯ. ರೀಲ್‌ಗೆ ಹಳದಿ ಕನೆಕ್ಟರ್ ಬಂದಿದ್ದರೆ ಒಳಗೆ ಸಿಡಿಮದ್ದು ಇದೆ ಅಂತ ಅರ್ಥ. ಅಪಘಾತದ ಕ್ಷಣದಲ್ಲಿ ಅದು ಸಿಡಿದು ಬೆಲ್ಟನ್ನು ಹಿಂದಕ್ಕೆ ಜಗ್ಗುತ್ತದೆ. ಅಂಥದ್ದನ್ನು ನಾನು ಮುಟ್ಟುವುದಿಲ್ಲ, ಕಂಪನಿ ಸರ್ವಿಸ್‌ಗೆ ಕಳಿಸುತ್ತೇನೆ.

ಎದೆ ಹಿಸುಕುವ ದೂರಿಗೆ ಮಾತ್ರ ನನ್ನ ಹತ್ತಿರ ಪೂರ್ತಿ ಮದ್ದಿಲ್ಲ. ಗುಂಡಿ ಬಿದ್ದ ದಾರಿಯಲ್ಲಿ ಮೈ ಸೀಟಿಗೆ ಒತ್ತಿದಾಗ ರೀಲು ಸಡಿಲವನ್ನು ಎಳೆದುಕೊಳ್ಳುತ್ತದೆ, ಮರುಕ್ಷಣ ಇನ್ನೊಂದು ಗುಂಡಿ, ಲಾಕ್. ಹೀಗೇ ಇಂಚಿಂಚು ಬಿಗಿಯಾಗುತ್ತಾ ಹೋಗುತ್ತದೆ. ಲಾಕ್ ಬಿಡಬೇಕಾದರೆ ಬೆಲ್ಟು ಸ್ವಲ್ಪ ಒಳಕ್ಕೆ ಹೋಗಬೇಕು. ಆದ್ದರಿಂದ ಮುಂದಕ್ಕೆ ಜಗ್ಗಾಡಬೇಡಿ, ಗಾಡಿ ನಿಲ್ಲಿಸಿ ಸೀಟಿಗೆ ಒರಗಿ, ಆಮೇಲೆ ಮೆಲ್ಲಗೆ ಎಳೆಯಿರಿ. ಜನ ಇದಕ್ಕೆ ಬದಲಾಗಿ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿ ಬೆಲ್ಟ್ ಸಡಿಲ ಮಾಡಿಕೊಳ್ಳುತ್ತಾರೆ. ಗುದ್ದಿದಾಗ ಆ ಸಡಿಲದಷ್ಟೂ ಮೈ ಮುಂದಕ್ಕೆ ಹೋಗುತ್ತದೆ ಅಂದರೆ ನಗುತ್ತಾರೆ. ಇನ್ನು ಕೆಲವರು ಬೆಲ್ಟಿನ ಜಾಗಕ್ಕೆ ಬರೀ ಬಕಲ್ ತುಂಡು ತುರುಕಿ ಅಲಾರಂ ಬಾಯಿ ಮುಚ್ಚಿಸುತ್ತಾರೆ. ಆ ತುಂಡುಗಳನ್ನು ಆನ್‌ಲೈನಿನಲ್ಲಿ ಮಾರಬೇಡಿ ಅಂತ 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಕಂಪನಿಗಳಿಗೆ ಆದೇಶ ಮಾಡಿತು, 13,118 ಜಾಹೀರಾತು ತೆಗೆಸಿದರು. ರೈಟ್ರ ಜೀಪಿನ ಡ್ಯಾಶ್‌ಬೋರ್ಡಿನಲ್ಲೂ ಒಂದು ಸಿಕ್ಕಿತ್ತು. ಬೈಯುವ ಬಾಯಿ ನನಗಿರಲಿಲ್ಲ. ಎರಡು ತಿಂಗಳು ಬೆಲ್ಟ್ ಬರದ ಹಾಗೆ ಮಾಡಿಟ್ಟವನು ನಾನೇ ಅಲ್ವಾ.

ಮೊನ್ನೆ ಅದೇ ಜೀಪು ಮತ್ತೆ ಬಂದಿತ್ತು. ನನ್ನ ಎದೆ ಧಸಕ್ ಅಂತು. ರೈಟ್ರು ಇಳಿದರು, ಬಿಳಿ ಅಂಗಿಯ ಮೇಲೆ ಬಲ ಹೆಗಲಿಂದ ಎಡ ಸೊಂಟದವರೆಗೆ ಎರಡು ಇಂಚು ಅಗಲದ ಕೆಂಪು ಪಟ್ಟಿ. "ಬೆಲ್ಟು ಚೆನ್ನಾಗಿ ಬರುತ್ತೆ ಕಣಪ್ಪಾ, ಬಂದಿರೋದು ಕ್ಲಚ್ಚಿಗೆ. ಆದ್ರೆ ದಿನಾ ಈ ಅಂಗಿ ನೋಡಿ ಮನೆಯವಳು ಬಯ್ತಾಳೆ" ಅಂದರು. ಹುಡುಗನಿಗೆ ಬಿಸಿನೀರು ಕಾಯಿಸಲು ಹೇಳಿದೆ.