ಇಲ್ಲೇ ಅದಿಯಲ್ಲೋ ತಮ್ಮಾ
ಧಾರವಾಡದ ಒಂದು ಜಿಮ್ಮು, ಈ ಮಂಗಳವಾರ ಬೆಳಗ್ಗೆ ಆರೂವರೆ. ಟ್ರೆಡ್‌ಮಿಲ್ಲಿಂದ ಇಳಿದ ಹುಡುಗ ಬೆವರು ಒರೆಸಿಕೊಳ್ಳುತ್ತ, "ಅಜ್ಜಾರ, ಮೂರು ಕಿಲೋಮೀಟರ್ ಓಡಿದ್ನಿರಿ" ಅಂದ. ಮಂಕಿ ಕ್ಯಾಪ್ ಇನ್ನೂ ತೆಗೆಯದ ಅಜ್ಜ ಅವನನ್ನು ಮೇಲಿಂದ ಕೆಳಗೆ ನೋಡಿ, "ಓಡಿದ್ನಿ ಅಂತಿ, ಇಲ್ಲೇ ಅದಿಯಲ್ಲೋ ತಮ್ಮಾ!" ಅಂದರು. ಎಲ್ಲರೂ ನಕ್ಕರು, ಟ್ರೇನರ್ ಕೂಡ. ಹುಡುಗನ ಕೈ ಮಾತ್ರ ಮೊಣಕಾಲ ಕೆಳಗಿನ ಎಲುಬನ್ನು ಉಜ್ಜುತ್ತಿತ್ತು. ಅದನ್ನು ನೋಡಬೇಕಾದ ಟ್ರೇನರ್ ಮತ್ತೆ ಮೊಬೈಲಿಗೆ ಮರಳಿದ್ದ.

ಲೆಕ್ಕದ ಪ್ರಕಾರ ಅಜ್ಜನ ಮಾತು ತಪ್ಪು. ನೆಲದ ಮೇಲೆ ನಾವು ಮುಂದೆ ಓಡಿದರೂ, ಬೆಲ್ಟು ನಮ್ಮ ಕೆಳಗೆ ಹಿಂದೆ ಓಡಿದರೂ, ವೇಗ ಒಂದೇ ಇದ್ದರೆ ಕಾಲಿನ ಕೆಲಸ ಹೆಚ್ಚೂಕಡಿಮೆ ಅಷ್ಟೇ. ಇಲ್ಲದಿರುವುದು ಎದುರುಗಾಳಿ. ಅದನ್ನು ಸರಿದೂಗಿಸಲೆಂದೇ "ಬೆಲ್ಟಿಗೆ ಒಂದು ಪರ್ಸೆಂಟ್ ಏರು ಇಡ್ರಿ" ಅನ್ನುವ ಸಲಹೆ ಎಲ್ಲ ಜಿಮ್ಮಲ್ಲೂ ಪುಕ್ಕಟೆ ಸಿಗುತ್ತದೆ. 1996ರಲ್ಲಿ ಕ್ರೀಡಾವಿಜ್ಞಾನಿಗಳಾದ ಜೋನ್ಸ್ ಮತ್ತು ಡೌಸ್ಟ್ ಪ್ರಕಟಿಸಿದ ಪರೀಕ್ಷೆಯಿಂದ ಬಂದದ್ದು ಅದು. ಆದರೆ ಅವರು ಅಳೆದದ್ದು ಪಳಗಿದ ಓಟಗಾರರನ್ನು, ಗಂಟೆಗೆ ಸುಮಾರು 10.5ರಿಂದ 18 ಕಿ.ಮೀ. ವೇಗದಲ್ಲಿ. ವರ್ಷಗಟ್ಟಲೆ ಓಟ ಬಿಟ್ಟು ಈಗ ಮತ್ತೆ 7ರಲ್ಲೋ 8ರಲ್ಲೋ ಓಡುವವರಿಗೆ ಏರು ಸೊನ್ನೆ ಇದ್ದರೂ ನಡೆಯುತ್ತದೆ.

ಹುಡುಗನೂ ಓಟ ಬಿಟ್ಟು ಮತ್ತೆ ಹಿಡಿದವನೇ. ಆದರೆ ಓಡಿದ್ದು 10ರಲ್ಲಿ, 18 ನಿಮಿಷ, ನಡುವೆ ಒಂದು ಹೆಜ್ಜೆಯೂ ನಡೆಯದೆ. ಅದೂ ಸತತ ನಾಲ್ಕನೇ ದಿನ. ಎಡವಟ್ಟಾದದ್ದು ಅಲ್ಲೇ. ಬಿಟ್ಟ ಓಟ ಮತ್ತೆ ಹಿಡಿದಾಗ ಉಸಿರು ಕೆಲವೇ ವಾರಗಳಲ್ಲಿ ದಾರಿಗೆ ಬರುತ್ತದೆ. ಎಲುಬು, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಉಸಿರು ಹೂಂ ಅಂದಿತೆಂದು ವೇಗ ಏರಿಸಿದರೆ ಎಲುಬು ಕೂಗುತ್ತದೆ.

ಹಾಗಾಗಿ ಮತ್ತೆ ಶುರುಮಾಡುವವರು ದಿನ ಬಿಟ್ಟು ದಿನ, ವಾರಕ್ಕೆ ಮೂರೇ ಸಲ ಓಡಬೇಕು. ಈ ಚಳಿಗೆ ಮೊದಲ 8–10 ನಿಮಿಷ 5ರ ವೇಗದಲ್ಲಿ ನಡಿಗೆ. ಆಮೇಲೆ 7.5ರಲ್ಲಿ ಒಂದು ನಿಮಿಷ ಓಟ, 5ರಲ್ಲಿ ಎರಡು ನಿಮಿಷ ನಡಿಗೆ. ಹೀಗೆ ಎಂಟು ಸುತ್ತು, ಒಟ್ಟು 24 ನಿಮಿಷ. ಕೊನೆಗೆ ಐದು ನಿಮಿಷ ನಿಧಾನ ನಡಿಗೆ. ನೋವಿಲ್ಲದಿದ್ದರೆ ಎರಡನೇ ವಾರ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ, ಆರು ಸುತ್ತು. ಓಡುತ್ತಲೇ "ಚಹಾ ಆತೇನ್ರಿ, ನಾಷ್ಟಾಕ್ಕ ಏನ್ ಮಾಡ್ಯಾರ?" ಅಂತ ಒಂದೇ ಉಸಿರಲ್ಲಿ ಕೇಳಲು ಬರಬೇಕು, ಬರದಿದ್ದರೆ ವೇಗ ಜಾಸ್ತಿಯಾಯಿತು. ಎಲುಬಿನ ಒಂದೇ ಜಾಗ ಒತ್ತಿದರೆ ಚುರ್ ಅನ್ನುತ್ತಿದ್ದರೆ ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು.

ಚಳಿ ಅಂತ ಕಿಟಕಿ ಮುಚ್ಚಿ, ಸ್ವೆಟರ್ ಹಾಕಿಕೊಂಡು ಓಡುವವರಿದ್ದಾರೆ. ಗಾಳಿ ತಾಗದೆ ಬೆವರು ಆರುವುದಿಲ್ಲ, ಎದೆಬಡಿತ ಸುಮ್ಮನೆ ಏರುತ್ತದೆ. ನಡಿಗೆ ಮುಗಿದೊಡನೆ ಸ್ವೆಟರ್ ತೆಗೆದು ಎದುರಿಗೆ ಫ್ಯಾನ್ ಇಡುವುದೇ ಸರಿ. ಹಿಡಿಕೆ ಹಿಡಿದು ಓಡಿದರೆ ಮೈಭಾರ ಕೈಗೆ ಹೋಗುತ್ತದೆ, ಪರದೆಯ ಕ್ಯಾಲೊರಿಗೆ ಮಾತ್ರ ಅದು ಗೊತ್ತಾಗುವುದಿಲ್ಲ. ಮನೆಯಲ್ಲೇ ಮಷೀನ್ ಇದ್ದರೆ ಬೆಲ್ಟಿನ ಅಡಿಗೆ ಸಿಲಿಕೋನ್ ಎಣ್ಣೆಯೇ ಬೇಕು. ಕೊಬ್ಬರಿ ಎಣ್ಣೆ ಸುರಿದ ಪುಣ್ಯಾತ್ಮರೂ ಇದ್ದಾರೆ. ನಮ್ಮ ಜನವರಿಯ ಬೆಳಗಿನಲ್ಲಿ ಬಾಟಲಿಯಲ್ಲೇ ಗಡ್ಡೆ ಕಟ್ಟುವ ಎಣ್ಣೆ ಅದು. ಬೆಲ್ಟು ಎಡಕ್ಕೆ ಸರಿದರೆ ಹಿಂದಿನ ಎಡ ಬೋಲ್ಟನ್ನು ಬಲಕ್ಕೆ ಕಾಲು ಸುತ್ತು ತಿರುಗಿಸಿ, ಒಂದು ನಿಮಿಷ ಬರಿದೇ ಓಡಿಸಿ ನೋಡಬೇಕು.

ಆದರೂ ಅಜ್ಜನ ಮಾತು ಒಂದು ಕಡೆ ನಿಜ. ಸಾಮಾನ್ಯ ಟ್ರೆಡ್‌ಮಿಲ್ಲಿನ ಬೆಲ್ಟಿನ ಮೇಲೆ ಇಳಿಜಾರಿಲ್ಲ, ಧಾರವಾಡದಲ್ಲಿ ಇಳಿಜಾರಿಲ್ಲದ ರಸ್ತೆ ಹುಡುಕಬೇಕು. ಚಳಿಗಾಲವಿಡೀ ಸಪಾಟಾಗಿ ಓಡಿದವರು ಫೆಬ್ರುವರಿಯಲ್ಲಿ ವಿಶ್ವವಿದ್ಯಾಲಯದ ಗುಡ್ಡ ಇಳಿದರೆ ಮರುದಿನ ಮೆಟ್ಟಿಲಲ್ಲಿ ತೊಡೆ ಹಿಡಿದುಕೊಂಡು ನಿಲ್ಲುತ್ತಾರೆ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕಬೇಕು, ಆ ಪಾಠ ಬೆಲ್ಟಿನಲ್ಲಿ ಸಿಗುವುದಿಲ್ಲ. ಜನವರಿ ಕೊನೆಯಿಂದಲೇ ವಾರಕ್ಕೊಂದು ದಿನ ಬಿಸಿಲೇರಿದ ಮೇಲೆ ಹೊರಗೆ ಹೋಗಿ, ಸಣ್ಣ ಹೆಜ್ಜೆಯಲ್ಲಿ ಇಳಿದು ಅಭ್ಯಾಸ ಮಾಡಬೇಕು.

ಅಂದಹಾಗೆ ಅಜ್ಜ ಆಮೇಲೆ ಅದೇ ಟ್ರೆಡ್‌ಮಿಲ್ ಹತ್ತಿದರು. ಎರಡೂ ಹಿಡಿಕೆ ಬಿಗಿಯಾಗಿ ಹಿಡಿದು, 4ರ ವೇಗ, ಅರ್ಧ ಗಂಟೆ. ಇಳಿದವರು ಪರದೆ ನೋಡಿ, "ಎರಡು ಕಿಲೋಮೀಟರ್ ಆತು ನೋಡೋ" ಅಂದರು. ಹುಡುಗ ಆಗಲೇ ಕುಂಟುತ್ತ ಹೊರಟುಹೋಗಿದ್ದ.