‘ಹಾಗಾದರೆ ಅವನಿಗೆ ಹುಚ್ಚು, ಅಲ್ಲವೇ?’ ಎಂದು ಕೇಳುವವರಿಗೆ

1920ರ ಫೆಬ್ರವರಿಯಲ್ಲಿ ಬರ್ಲಿನ್‌ನಲ್ಲಿ ತೆರೆ ಕಂಡ ‘ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ’ ಎಂಬ ಜರ್ಮನ್ ಮೂಕಿ ಚಿತ್ರವನ್ನು ಪರಿಚಿತರಿಗೆಲ್ಲ ತೋರಿಸುವುದು ನನ್ನ ಹಳೆಯ ಅಭ್ಯಾಸ. ಚಿತ್ರ ಮುಗಿದು ದೀಪ ಹಾಕುವ ಮೊದಲೇ ಕತ್ತಲಿನಿಂದ ಆ ಮಾತು ಬರುತ್ತದೆ: “ಹಾಗಾದರೆ ಅವನಿಗೆ ಹುಚ್ಚು, ಕಥೆಯೆಲ್ಲ ಸುಳ್ಳು, ಅಲ್ಲವೇ?” ಪ್ರಶ್ನೆಯ ವೇಷದಲ್ಲಿ ಬರುವ ಈ ತೀರ್ಪಿಗೆ ನಾನು ರುಜು ಹಾಕುವುದಿಲ್ಲ.

ನೋಡದವರಿಗಾಗಿ ಕಥೆ ಇಷ್ಟು. ಬೆಂಚಿನ ಮೇಲೆ ಕುಳಿತ ಫ್ರಾನ್ಸಿಸ್ ಎಂಬ ಯುವಕ ಪಕ್ಕದ ವೃದ್ಧನಿಗೆ ತನ್ನ ಊರಿನ ಸಂಗತಿ ಹೇಳುತ್ತಾನೆ. ಜಾತ್ರೆಗೆ ಬಂದ ಕ್ಯಾಲಿಗರಿ, ಪೆಟ್ಟಿಗೆಯಲ್ಲಿ ಮಲಗಿಸಿಟ್ಟ ಚೆಸಾರೆ ಎಂಬ ನಿದ್ರಾಚಾರಿಯಿಂದ ಜನರಿಗೆ ಭವಿಷ್ಯ ಹೇಳಿಸಿ, ರಾತ್ರಿ ಅವನಿಂದಲೇ ಕೊಲೆ ಮಾಡಿಸುತ್ತಾನೆ. ಬೆನ್ನಟ್ಟಿದಾಗ ಈ ಕ್ಯಾಲಿಗರಿ ಹುಚ್ಚಾಸ್ಪತ್ರೆಯ ಮುಖ್ಯಸ್ಥನೇ ಎಂದು ತಿಳಿಯುತ್ತದೆ. ಅವನನ್ನು ಕಟ್ಟಿ ಕೋಣೆಗೆ ಹಾಕುತ್ತಾರೆ. ಕಥೆ ಹೇಳಿ ಮುಗಿಸಿದವನು ಎದ್ದು ಒಳಗೆ ಹೋದಾಗ, ಅವನೇ ಆ ಆಸ್ಪತ್ರೆಯ ರೋಗಿ ಎಂದು ನಮಗೆ ಗೊತ್ತಾಗುತ್ತದೆ. ಮುಖ್ಯಸ್ಥ ಅವನನ್ನು ಪರೀಕ್ಷಿಸಿ, ಇವನ ಭ್ರಮೆ ಏನೆಂದು ಅರ್ಥವಾಯಿತು, ಇನ್ನು ಗುಣಪಡಿಸಬಲ್ಲೆ ಎನ್ನುತ್ತಾನೆ.

ಕಳೆದ ಮಳೆಗಾಲ ಗೆಳೆಯರೊಬ್ಬರ ಮನೆಯಲ್ಲಿ ಚಿತ್ರ ತೋರಿಸಿದಾಗ, ಹಿರಿಯರೊಬ್ಬರು ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಛತ್ರಿಯನ್ನು ಅರ್ಧ ಬಿಚ್ಚಿಕೊಂಡು, “ಹೌದೋ ಇಲ್ಲವೋ ಒಂದು ಮಾತಿನಲ್ಲಿ ಹೇಳಿಬಿಡಿ, ಬಸ್ಸಿಗೆ ಹೊತ್ತಾಯಿತು” ಎಂದರು. ನಾನು ಆ ಆಸ್ಪತ್ರೆಯ ಅಂಗಳದ ನೆಲವನ್ನು ಗಮನಿಸಿದಿರಾ ಎಂದು ಕೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿ ಹೊರಟುಹೋದರು. ಅವರಿಗೆ ಹೇಳಬೇಕೆಂದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ವಾಲಿದ ಮನೆಗಳು, ಸೊಟ್ಟ ಕಿಟಕಿಗಳು, ಬಣ್ಣದಲ್ಲಿ ಬರೆದ ನೆರಳುಗಳು ಇವೆಲ್ಲ ಹುಚ್ಚನ ಕಣ್ಣಿಗೆ ಕಂಡ ಲೋಕವೆಂದು ನೀವು ಹೇಳುತ್ತೀರಿ. ಹಾಗಿದ್ದರೆ ಅವನ ಕಥೆ ಮುಗಿದೊಡನೆ ಗೋಡೆಗಳು ನೆಟ್ಟಗಾಗಬೇಕಿತ್ತು. ಆಸ್ಪತ್ರೆಯ ಅಂಗಳದಲ್ಲಿ ನಡುವಿನಿಂದ ಸುತ್ತಲೂ ಹರಡಿದ ಆ ಪಟ್ಟೆಗಳು ಕಥೆಯೊಳಗೆ ಹೇಗಿದ್ದವೋ ಕೊನೆಯಲ್ಲೂ ಹಾಗೆಯೇ ಇವೆ. ಅದಕ್ಕಿಂತ ಮುಖ್ಯವಾದದ್ದು ಆ ಕೋಣೆ. ಫ್ರಾನ್ಸಿಸ್‌ನ ಕಥೆಯಲ್ಲಿ ಮುಖ್ಯಸ್ಥನನ್ನು ಕೈಬಿಗಿಯುವ ಅಂಗಿ ತೊಡಿಸಿ ಯಾವ ಕೋಣೆಗೆ ನೂಕಿದರೋ, ಕೊನೆಯಲ್ಲಿ ಫ್ರಾನ್ಸಿಸ್‌ನನ್ನು ಅಂಥದೇ ಅಂಗಿಯಲ್ಲಿ ಮಲಗಿಸುವುದು ಅದೇ ಕೋಣೆಯಲ್ಲಿ. ಪರೀಕ್ಷಿಸಲು ಬಾಗುವ ಮುಖ್ಯಸ್ಥ ದುಂಡು ಕನ್ನಡಕ ಹಾಕಿಕೊಂಡಾಗ ಆ ಪಾತ್ರದ ನಟ ವೆರ್ನರ್ ಕ್ರೌಸ್‌ನ ಆ ಸೌಮ್ಯ ಮುಖ ಕ್ಷಣಮಾತ್ರದಲ್ಲಿ ಜಾತ್ರೆಯವನ ಮುಖವಾಗುತ್ತದೆ. ಕನ್ನಡಕ ತೆಗೆದ ಮೇಲೆ ಮತ್ತೆ ವೈದ್ಯನ ಮುಖ. ಇದನ್ನು ಕಂಡ ಮೇಲೂ ‘ಹೌದು’ ಎಂದು ಹೇಳಿ ನಿಮ್ಮನ್ನು ಬಸ್ಸು ಹತ್ತಿಸಲು ನನಗೆ ಮನಸ್ಸು ಬರುವುದಿಲ್ಲ.

ಸ್ವಲ್ಪ ಓದಿಕೊಂಡವರು ಚಿತ್ರ ವಿಮರ್ಶಕ ಕ್ರಾಕವರ್‌ನನ್ನು ಮುಂದಿಡುತ್ತಾರೆ. ಹಾನ್ಸ್ ಯಾನೋವಿಟ್ಸ್ ಮತ್ತು ಕಾರ್ಲ್ ಮಾಯರ್ ಬರೆದದ್ದು ಅಧಿಕಾರದ ವಿರುದ್ಧದ ಕಥೆ. ನಿರ್ದೇಶಕ ರೋಬರ್ಟ್ ವೀನ ಅದಕ್ಕೆ ಹುಚ್ಚಾಸ್ಪತ್ರೆಯ ಚೌಕಟ್ಟು ಹಾಕಿ ಕೆಡಿಸಿದ ಎಂಬುದು 1947ರ ಪುಸ್ತಕದಲ್ಲಿ ಕ್ರಾಕವರ್‌ನ ವಾದ. ಆದರೆ ಕ್ರೌಸ್‌ನ ಬಳಿ ಉಳಿದಿದ್ದ ಚಿತ್ರಕಥೆಯ ಪ್ರತಿ ಮುಂದೆ ಹೊರಬಂದಾಗ, ಅದರಲ್ಲೂ ಒಂದು ಚೌಕಟ್ಟು ಇದ್ದುದು ಕಂಡಿತು: ಅಲ್ಲಿ ಫ್ರಾನ್ಸಿಸ್ ಸಂಸಾರಸ್ಥನಾಗಿ, ಮನೆಗೆ ಬಂದ ಅತಿಥಿಗಳಿಗೆ ಹಳೆಯ ಕಥೆ ಹೇಳುತ್ತಾನೆ. ಅಲ್ಲಿ ಅವನ ಹೆಂಡತಿ ಜೇನ್.

ನನ್ನನ್ನು ಯಾರಾದರೂ ಕೇಳಲಿ ಎಂದು ನಾನು ಕಾದಿರುವುದು ಈ ಜೇನ್ ಬಗ್ಗೆ. ಚಿತ್ರದಲ್ಲಿ ಫ್ರಾನ್ಸಿಸ್ ಪ್ರೀತಿಸುವ ಅವಳೂ ಅದೇ ಆಸ್ಪತ್ರೆಯಲ್ಲಿದ್ದು, ಅಂಗಳದ ಪೀಠದ ಮೇಲೆ ರಾಣಿಯಂತೆ ಕುಳಿತಿದ್ದಾಳೆ. ಫ್ರಾನ್ಸಿಸ್ ಮದುವೆಯ ಮಾತೆತ್ತಿದರೆ, ರಾಣಿಯರಾದವರು ಮನಸ್ಸು ಹೇಳಿದಂತೆ ನಡೆಯುವಂತಿಲ್ಲ ಎನ್ನುತ್ತಾಳೆ, ಅವನತ್ತ ನೋಡುವುದೂ ಇಲ್ಲ. ಫ್ರಾನ್ಸಿಸ್ ಹೇಳಿದ್ದೆಲ್ಲ ಭ್ರಮೆಯೇ ಆಗಿರಲಿ, ಕ್ಯಾಲಿಗರಿ ಎಂಬವನು ಇರಲೇ ಇಲ್ಲ ಎಂದೇ ಇಟ್ಟುಕೊಳ್ಳೋಣ. ಹಾಗಾದರೆ ಅವಳಿಗೆ ಆದದ್ದೇನು? ಗುಣಪಡಿಸಬಲ್ಲೆನೆಂದು ಮುಖ್ಯಸ್ಥ ಹೇಳಿದ್ದು ಫ್ರಾನ್ಸಿಸ್‌ನ ಬಗ್ಗೆ ಮಾತ್ರ. ಜೇನ್‌ಳ ಬಗ್ಗೆ ಅವನು ಒಂದು ಮಾತೂ ಆಡುವುದಿಲ್ಲ. ಚಿತ್ರದ ಮೊದಲ ದೃಶ್ಯದಲ್ಲೇ ಅವಳು ಬಿಳಿಯುಡುಗೆಯಲ್ಲಿ, ಕಣ್ಣು ಎಲ್ಲೋ ನೆಟ್ಟು, ಬೆಂಚಿನ ಮುಂದೆ ಹಾದುಹೋಗುತ್ತಾಳೆ. ಫ್ರಾನ್ಸಿಸ್ ಕಥೆ ಶುರುಮಾಡುವುದು ಅವಳನ್ನು ತೋರಿಸಿಯೇ: ಇದು ತನಗೂ ಅವಳಿಗೂ ಸೇರಿ ಆದದ್ದು ಎಂದು.