ತೊಟ್ಟಿ ಎಲ್ಲಿತ್ತೋ ಆಗ?

1996ರ ಬೇಸಿಗೆ ರಜೆ. ನಾನು ನಾಲ್ಕನೇ ಕ್ಲಾಸ್ ಮುಗಿಸಿದ್ದೆ. ಪಾವಗಡದ ಕಡೆಯ ನಮ್ಮೂರಲ್ಲಿ ಆಗ ಸೆಖೆಗೆ ಮನೆಮಂದಿಯೆಲ್ಲ ಮಾಳಿಗೆ ಮೇಲೆ ಚಾಪೆ ಹಾಸುತ್ತಿದ್ದೆವು. ಒಂದು ರಾತ್ರಿ ಕರೆಂಟ್ ಹೋಗಿತ್ತು. ಪಡುವಣ ಗುಡ್ಡದ ನೆತ್ತಿ ಮೇಲೆ ಒಂಟಿ ಬೆಳಕು. ಎಡಕ್ಕೆ ಜಾರಿತು, ನಿಂತಿತು, ಬಲಕ್ಕೆ ಬಂತು. ಕೆಳಗೆ ಅಂಗಳದ ಸಿಮೆಂಟ್ ತೊಟ್ಟಿಯ ನೀರಲ್ಲೂ ಅಲುಗುತ್ತಿತ್ತು. ಆಮೇಲೆ ಸುಯ್ಯನೆ ಮೇಲಕ್ಕೆ ಹೋಗಿ ಮಾಯ.

ಇದನ್ನು ಹಾಸ್ಟೆಲಿನಲ್ಲಿ ಹೇಳಿದ್ದೇನೆ, ಆಫೀಸಿನ ಕ್ಯಾಂಟೀನಿನಲ್ಲಿ ಹೇಳಿದ್ದೇನೆ, ಹೆಂಡತಿಗೆ ಮದುವೆಗೆ ಮುಂಚೆಯೇ ಹೇಳಿದ್ದೇನೆ. ತೊಟ್ಟಿಯ ಮಾತು ಬಂದಾಗಲೇ ಜನ ನಂಬುತ್ತಿದ್ದದ್ದು. ಸುಳ್ಳು ಹೇಳುವವನಿಗೆ ಅಂಥ ಸಣ್ಣ ವಿವರ ಹೊಳೆಯುವುದಿಲ್ಲವಲ್ಲ!

ಕಳೆದ ಯುಗಾದಿಗೆ ಊರಲ್ಲಿ ಅಕ್ಕನ ಮಗನಿಗೆ ಅದೇ ಕತೆ ಶುರು ಮಾಡಿದೆ. ಹೂರಣದ ಉಂಡೆ ಕಟ್ಟುತ್ತಿದ್ದ ಅಕ್ಕ ತಲೆ ಎತ್ತದೆ, "ತೊಟ್ಟಿ ಎಲ್ಲಿತ್ತೋ ಆಗ? ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಕಟ್ಟಿಸಿದ್ದು" ಅಂದಳು.

ಹಿತ್ತಲಿಂದ ತೆಂಗಿನ ಚಿಪ್ಪು ತಂದು ತೊಟ್ಟಿಯ ಅಂಚಿನ ಪಾಚಿ ಕೆರೆದೆ. ಹಸಿ ಸಿಮೆಂಟಿನ ಮೇಲೆ ಅಪ್ಪ ಮೊಳೆಯಲ್ಲಿ ಗೀಚಿದ ತಾರೀಕು: 15-11-98. ಒಂಬತ್ತರ ಬಾಲ ಉದ್ದಕ್ಕೆ ಎಳೆದದ್ದು, ಅಪ್ಪನದೇ ಕೈ. ಅಂದರೆ ಎರಡು ವರ್ಷದ ನಂತರ ಬಂದ ತೊಟ್ಟಿಯಲ್ಲಿ ನಾನು ಬೆಳಕು ನೋಡಿದ್ದೆ. ಈಗಲೂ ಕಣ್ಣು ಮುಚ್ಚಿದರೆ ಅದು ಆ ನೀರಲ್ಲೇ ಕಾಣುತ್ತದೆ, ಏನು ಮಾಡಲಿ.

ರಾತ್ರಿ ಮೊಬೈಲಿನಲ್ಲಿ, ಯಾವ ದಿನದ ಆಕಾಶವನ್ನಾದರೂ ತೋರಿಸುವ ಸ್ಟೆಲೇರಿಯಮ್ ಆ್ಯಪ್ ತೆಗೆದು 1996ರ ಏಪ್ರಿಲ್‌ಗೆ ತಿರುಗಿಸಿದೆ. ಪಶ್ಚಿಮದಲ್ಲಿ ಶುಕ್ರ, ದಿನವೂ, ಒಂಬತ್ತು ಗಂಟೆ ದಾಟಿದ ಮೇಲೆ ಮುಳುಗುವಂತೆ. ಸ್ವಲ್ಪ ಅವಮಾನವೇ ಆಯಿತು. ಆದರೆ ನನಗಿಂತ ದೊಡ್ಡವರೂ ಏಮಾರಿದ್ದಾರೆ. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗೆ ಲಡಾಖಿನ ಪಾಂಗಾಂಗ್ ಸರೋವರದ ಬಳಿ ನಮ್ಮ ಸೈನಿಕರು ಆಕಾಶದ ಬೆಳಕನ್ನು 329 ಸಲ ಬರೆದಿಟ್ಟುಕೊಂಡಿದ್ದರು, ಚೀನಾದ ಡ್ರೋನ್ ಇರಬಹುದೆಂದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ನೋಡಿ ಹೇಳಿದ್ದು: ಗುರು ಮತ್ತು ಶುಕ್ರ.

ಎಡಬಲ ಜಾರಿದ್ದಕ್ಕೂ ಉತ್ತರವಿದೆ. ಕತ್ತಲಲ್ಲಿ ಒಂದೇ ಚುಕ್ಕೆಯನ್ನು ದಿಟ್ಟಿಸುತ್ತಿದ್ದರೆ, ಪಕ್ಕದಲ್ಲಿ ಗುರುತಿಗೆ ಏನೂ ಇಲ್ಲದಿದ್ದರೆ, ನಿಂತ ಚುಕ್ಕೆಯೇ ನಡೆದಾಡುತ್ತದೆ. 1935ರಲ್ಲಿ ಮನಶ್ಶಾಸ್ತ್ರಜ್ಞ ಮುಜಾಫರ್ ಷೆರೀಫ್ ಪ್ರಕಟಿಸಿದ ಪ್ರಯೋಗದಲ್ಲಿ ಕತ್ತಲ ಕೋಣೆಯಲ್ಲಿ ಕೂತವರನ್ನು ಚುಕ್ಕೆ ಎಷ್ಟು ಇಂಚು ಸರಿಯಿತು ಎಂದು ಕೇಳಿದ್ದರು. ಒಟ್ಟಿಗೆ ಕೂತು ಹೇಳುತ್ತ ಹೋದಂತೆ ಎಲ್ಲರ ಲೆಕ್ಕ ಹತ್ತಿರ ಹತ್ತಿರ ಬಂತು. ಮಾಳಿಗೆ ಮೇಲೆ ನಾವು ಆರು ಜನ. "ಅಗೋ, ಸರೀತು" ಅಂತ ಮೊದಲು ಕೂಗಿದವರು ಯಾರೋ, ಬಹುಶಃ ನಾನೇ.

ಇನ್ನೊಂದು. ನಾನು ನೋಡಿದ್ದು ಚುಕ್ಕೆ. ಹಾಸ್ಟೆಲಿನಲ್ಲಿ ಯಾವುದೋ ಪತ್ರಿಕೆಯಲ್ಲಿ 'ಹಾರುವ ತಟ್ಟೆ' ಎಂಬ ಮಾತು ಓದಿದ ಮೇಲೆ ಅದಕ್ಕೆ ಅಂಚು ಬಂತು, ನಡುವೆ ಉಬ್ಬು ಬಂತು. ಆ ಹೆಸರಿನ ಹುಟ್ಟೂ ಹೀಗೆಯೇ. 1947ರ ಜೂನ್ 24ರಂದು ಅಮೆರಿಕದ ರೇನಿಯರ್ ಪರ್ವತದ ಬಳಿ ವಿಮಾನ ಹಾರಿಸುತ್ತಿದ್ದ ಕೆನೆತ್ ಆರ್ನಾಲ್ಡ್ ಒಂಬತ್ತು ವಸ್ತುಗಳನ್ನು ಕಂಡ. ನೀರ ಮೇಲೆ ಬೀಸಿದ ತಟ್ಟೆ ಕುಪ್ಪಳಿಸಿದಂತೆ ಅವು ಸಾಗಿದವು ಅಂತ ತಾನು ಹೇಳಿದ್ದು ಚಲನೆಯ ಬಗ್ಗೆ ಎಂದು ಆಮೇಲೆ ಅವನೇ ವಿವರಿಸಿದ. ಪೇಪರಿನವರು ವಸ್ತುವನ್ನೇ ತಟ್ಟೆ ಮಾಡಿಬಿಟ್ಟಿದ್ದರು.

ಇಷ್ಟೆಲ್ಲ ಅಕ್ಕನಿಗೆ ಹೇಳಿ, "ಶುಕ್ರ ಕಣಕ್ಕ. ಆದರೆ ಮೇಲಕ್ಕೆ ಹೋಗಿದ್ದು ಹೇಗೆ?" ಅಂದೆ.

"ಮೇಲಕ್ಕೆಲ್ಲಿ ಹೋಯ್ತು? ಕೆಂಪಗಾಗಿ ಗುಡ್ಡದ ಹಿಂದೆ ಇಳೀತು. ಅಷ್ಟೊತ್ತಿಗೆ ನೀನು ನಿದ್ದೆ ಹೋಗಿದ್ದೆ."

ಶುಕ್ರನಿಗೆ ಸರಿಹೋಗುವ ಮಾತು. ನನಗೆ ಸಮಾಧಾನವಾಗುವಷ್ಟರಲ್ಲಿ, "ಆದ್ರೆ ಆ ಸದ್ದು ಏನೋ? ಗುಂಯ್ ಅಂತ, ಇಳಿಯೋವರೆಗೂ" ಅಂದಳು.

ನನಗೆ ಯಾವ ಸದ್ದೂ ನೆನಪಿಲ್ಲ. ಪಂಪ್‌ಸೆಟ್ ಇರಬೇಕು ಅಂದೆ. ತಕ್ಷಣ ನಾನೇ ನಾಲಿಗೆ ಕಚ್ಚಿಕೊಂಡೆ, ಕರೆಂಟ್ ಇರಲಿಲ್ಲವಲ್ಲ.

"ಕರೆಂಟ್ ಇತ್ತು ಕಣೋ," ಅಂದಳು ಅಕ್ಕ. "ಕೆಳಗೆ ಅಪ್ಪ ರೇಡಿಯೋ ಹಾಕ್ಕೊಂಡು ಕೂತಿರಲಿಲ್ವಾ?"

ಅಪ್ಪನ ರೇಡಿಯೋ ಸೆಲ್ಲಿನದು.